ನೆಡ್ ಮಾಡಿದ ಕುಂಟೆ, ಮತ್ತು ಹೆಸರಿನ ಖಾಲಿ ಜಾಗ

ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಹೋದ ವಾರ ನಮ್ಮ ಕೇರಿಯ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದ. ವೆಲ್ಡಿಂಗ್ ಶಾಪಿನಲ್ಲಿ ಕೆಲಸ ಅವನಿಗೆ. ರಾಗಿ ಸಾಲಿನ ಕಳೆ ತೆಗೆಯೋಕೆ ಒಂದು ಸಲಕರಣೆ ಮಾಡಿದಾನೆ. ಪೇಟೆಂಟ್ ಅರ್ಜಿ ಬರೆಯಲು ನೆರವಾಗುವ ಸಾಫ್ಟ್‌ವೇರ್ ಒಂದನ್ನು ತೆರೆದಿದ್ದ. ಅದು ಒಂದೊಂದೇ ಪ್ರಶ್ನೆ ಕೇಳ್ತಾ ಹೋಗುತ್ತೆ. ಯಾವ ತೊಂದರೆಗೆ ಇದನ್ನು ಮಾಡಿದಿರಿ? ಇದಕ್ಕೆ ಮೊದಲು ಏನು ಬಳಸ್ತಿದ್ರು? ನಿಮ್ಮದರಲ್ಲಿ ಹೊಸದೇನು? ಎಲ್ಲಾ ತುಂಬಿದವನು ಒಂದು ಕಡೆ ನಿಂತುಬಿಟ್ಟಿದ್ದ. "ಅಣ್ಣಾ, ಇಲ್ಲಿ ಸಂಶೋಧಕರ ಹೆಸರು ಅಂತ ಕೇಳ್ತಿದೆ. ನನ್ನದು ಹಾಕ್ಬೋದಾ, ಇಲ್ಲ ಓನರ್‌ದು ಹಾಕ್ಬೇಕಾ?"

ಈ ಪ್ರಶ್ನೆಗೆ ಒಂದು ಚರಿತ್ರೆ ಇದೆ.

1857, ಅಮೆರಿಕದ ಮಿಸಿಸಿಪ್ಪಿ. ನೆಡ್ ಅನ್ನುವ ಕಮ್ಮಾರ, ಗುಲಾಮ. ಹತ್ತಿ ಸಾಲಿನ ಕಳೆ ಕೆರೆದು ತೆಗೆಯುವ ಹೊಸ ಬಗೆಯ ಕುಂಟೆ ಮಾಡಿದ. ಪೇಟೆಂಟ್ ಕೇಳಿದ್ದು ಮಾತ್ರ ಅವನ ಒಡೆಯ ಆಸ್ಕರ್ ಸ್ಟುವರ್ಟ್. ಗುಲಾಮನ ಕೈಯೂ ನನ್ನದು, ತಲೆಯೂ ನನ್ನದು ಅನ್ನೋದು ಅವನ ವಾದ. ಆದರೆ ಕಾನೂನಿನ ಪ್ರಕಾರ ಕಂಡುಹಿಡಿದವನೇ ಪ್ರಮಾಣ ಮಾಡಬೇಕಿತ್ತು. ತಾನು ಯಾವ ದೇಶದ ಪ್ರಜೆ ಅಂತಲೂ ಹೇಳಬೇಕಿತ್ತು. ಅದೇ ವರ್ಷ ಡ್ರೆಡ್ ಸ್ಕಾಟ್ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕರಿಯರು ಪ್ರಜೆಗಳೇ ಅಲ್ಲ ಅಂದಿತ್ತು. 1858ರಲ್ಲಿ ಅಟಾರ್ನಿ ಜನರಲ್ ಜೆರೆಮಯ ಬ್ಲ್ಯಾಕ್ ಬರೆದುಕೊಟ್ಟ: ಗುಲಾಮ ಕಂಡುಹಿಡಿದದ್ದಕ್ಕೆ ಗುಲಾಮನಿಗೂ ಪೇಟೆಂಟ್ ಇಲ್ಲ, ಒಡೆಯನಿಗೂ ಇಲ್ಲ.

ಸ್ಟುವರ್ಟ್ ಸುಮ್ಮನಾಗಲಿಲ್ಲ. ಆ ಕುಂಟೆಯನ್ನು ಮಾಡಿಸಿ ಮಾರಿದ. ಗುಲಾಮಗಿರಿ ಬುದ್ಧಿಯನ್ನು ಕುಗ್ಗಿಸುತ್ತೆ ಅನ್ನೋರಿಗೆ ಇದೇ ಉತ್ತರ ಅಂತ ಅದರ ಜಾಹೀರಾತಿನಲ್ಲಿ ಮೆರೆದರು! ನೆಡ್‌ನ ಬುದ್ಧಿಯನ್ನೇ ಅವನ ಸಂಕೋಲೆಯ ಸಮರ್ಥನೆಗೆ ಬಳಸಿದರು. 1861ರಲ್ಲಿ ದಕ್ಷಿಣದ ಒಡೆಯರು ತಮ್ಮದೇ ಸರ್ಕಾರ ಕಟ್ಟಿಕೊಂಡಾಗ, ಗುಲಾಮ ಕಂಡುಹಿಡಿದದ್ದರ ಪೇಟೆಂಟ್ ಒಡೆಯನಿಗೇ ಅಂತ ಕಾನೂನನ್ನೂ ಮಾಡಿಕೊಂಡರು.

ಗುಲಾಮಗಿರಿ ಮುಗಿದ ಮೇಲೆ ಏನಾಯ್ತು ನೋಡಿ. ಗುಲಾಮನಾಗಿ ಹುಟ್ಟಿದ್ದ ಸಂಸದ ಜಾರ್ಜ್ ವಾಷಿಂಗ್ಟನ್ ಮರ್ರೆ 1894ರಲ್ಲಿ ಕರಿಯರ 92 ಪೇಟೆಂಟ್‌ಗಳ ಪಟ್ಟಿಯನ್ನು ಸಂಸತ್ತಿನ ಮುಂದಿಟ್ಟ. ಪೇಟೆಂಟ್ ಕಚೇರಿಯಲ್ಲೇ ಕೆಲಸಕ್ಕಿದ್ದ ಹೆನ್ರಿ ಬೇಕರ್ ಊರೂರಿಗೆ ಪತ್ರ ಬರೆದು ಹೆಸರು ಹುಡುಕಿದ, ಯಾಕಂದ್ರೆ ದಾಖಲೆಯಲ್ಲಿ ಬಣ್ಣ ಬರೆದಿರಲಿಲ್ಲ. ಅವನು ಕೂಡಿಸಿದ ಪಟ್ಟಿ 1900ರ ಪ್ಯಾರಿಸ್ ಪ್ರದರ್ಶನಕ್ಕೆ ಹೋಯ್ತು. ಆ ಪ್ರದರ್ಶನ ಕಟ್ಟಿದವರಲ್ಲಿ ಒಬ್ಬರು ಡುಬೋಯ್ಸ್. 1946ರಲ್ಲಿ ನಮ್ಮ ಬಾಬಾಸಾಹೇಬರು, ಅಸ್ಪೃಶ್ಯರ ಮತ್ತು ನೀಗ್ರೋಗಳ ಸ್ಥಿತಿ ಒಂದೇ ಥರ ಇದೆ ಅಂತ ಪತ್ರ ಬರೆದದ್ದು ಇದೇ ಡುಬೋಯ್ಸ್‌ಗೆ.

ಆಮೇಲೆ ಉಳಿದ ಗೋಡೆ ಭಾಷೆಯದ್ದು, ವಕೀಲರ ಫೀಸಿನದ್ದು. ಅಮೆರಿಕದಲ್ಲಿ ಪೇಟೆಂಟ್ ಪರೀಕ್ಷಕನಾಗಿದ್ದ ಡೇವಿಡ್ ಪ್ರೆಸ್‌ಮನ್, ನಿಮ್ಮ ಅರ್ಜಿ ನೀವೇ ಬರ್ಕೊಳ್ಳಿ ಅಂತ ಒಂದು ಪುಸ್ತಕವನ್ನೇ ಬರೆದ. ಮುಂದೆ ಅದು ಸಾಫ್ಟ್‌ವೇರ್ ಆಗಿಯೂ ಬಂತು. ಹುಡುಗ ತಂದದ್ದು ಅದೇ ದಾರಿಯದು. ವಕೀಲರ ಬದಲಿಗೆ ಅದು ಸಾಲದು, ನಿಜ. ಯಾವುದಕ್ಕೆ ಹಕ್ಕು ಕೇಳ್ತೀವಿ ಅನ್ನೋ ಸಾಲುಗಳನ್ನು ತಿಳಿದವರಿಗೆ ತೋರಿಸಲೇಬೇಕು. ಆದರೆ ಅಷ್ಟು ದೂರ ತಲುಪಿಸುತ್ತಲ್ಲ, ಅದು ಸಣ್ಣದಲ್ಲ.

ಅವನಿಗೆ ನಾನು ಹೇಳಿದ್ದು ಇಷ್ಟು. ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ಅರ್ಜಿ ಹಾಕೋ ಹಕ್ಕು ನಿಜವಾಗಿ ಮೊದಲು ಕಂಡುಹಿಡಿದವನದು, ಇಲ್ಲ ಅವನು ಬರೆದುಕೊಟ್ಟವರದು. ಹಕ್ಕನ್ನು ಬೇರೆಯವರಿಗೆ ಬರೆದುಕೊಟ್ಟರೂ 28ನೇ ಸೆಕ್ಷನ್ ಪ್ರಕಾರ ಸಂಶೋಧಕ ಅಂತ ನಿನ್ನ ಹೆಸರು ಕೇಳಿ ಹಾಕಿಸ್ಕೋಬಹುದು. ಒಬ್ಬ ವ್ಯಕ್ತಿ ಆನ್‌ಲೈನಲ್ಲಿ ಅರ್ಜಿ ಹಾಕೋಕೆ ಮೂಲ ಶುಲ್ಕ 1600 ರೂಪಾಯಿ, ಪರೀಕ್ಷೆಯ ಶುಲ್ಕ ಬೇರೆ. ಮೊದಲು ತಾತ್ಕಾಲಿಕ ಅರ್ಜಿ ಹಾಕು, ಪೂರ್ತಿ ವಿವರಕ್ಕೆ 12 ತಿಂಗಳು ಸಿಗುತ್ತೆ. ಅಲ್ಲೀವರೆಗೂ, ಅಂದ್ರೆ ಅರ್ಜಿ ಹಾಕೋವರೆಗೂ, ಯೂಟ್ಯೂಬಿಗೆ ಹಾಕ್ಬೇಡ ಮಾರಾಯ.

ಚರ್ಮ ಹದ ಮಾಡಿದವರು, ಮಗ್ಗ ಹೂಡಿದವರು, ಕುಲುಮೆ ಊದಿದವರು ನಮ್ಮವರು. ಅವರ ಹೆಸರು ಯಾವ ಕಾಗದದಲ್ಲೂ ಇಲ್ಲ. ನೆಡ್‌ಗೂ ನಮಗೆ ಗೊತ್ತಿರೋದು ಒಂದೇ ಹೆಸರು, ಅದೂ ಒಡೆಯ ಬರೆದ ಪತ್ರದಿಂದ.

ಹುಡುಗ ತನ್ನ ಹೆಸರು ಟೈಪ್ ಮಾಡಿದ. ಇನಿಷಿಯಲ್ ಸಮೇತ ಅಪ್ಪನ ಹೆಸರೂ ಸೇರಿಸಿದ.

ನಿಮ್ಮ ಕೇರೀಲೂ ಇಂಥೋರು ಇರ್ತಾರೆ. ಹುಡುಕಿ, ಜೊತೆ ಕೂತು ಬರೆಸಿ. ಜೈ ಭೀಮ್.