ಸಾಲ್ಮನ್ ಮತ್ತು ಟ್ರೌಟ್ ಮೀನುಗಳ ವರ್ಗೀಕರಣ: ಒಂದು ಸಮೀಕ್ಷೆ

ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಯುರೋಪಿನ ಸಾಲ್ಮನ್ ಮೀನಿಗೆ ಸಾಲ್ಮೊ ಸಲಾರ್ ಎಂದೂ ಅಲ್ಲಿನ ಟ್ರೌಟಿಗೆ ಸಾಲ್ಮೊ ಟ್ರಟ್ಟಾ ಎಂದೂ ಹೆಸರಿಟ್ಟಾಗ, ಎರಡನ್ನೂ ಒಂದೇ ಕುಲಕ್ಕೆ, ಅಂದರೆ ಹತ್ತಿರದ ಬಂಧುಗಳಾದ ಪ್ರಭೇದಗಳ ಗುಂಪಿಗೆ, ಸೇರಿಸಿದ್ದನು. ಆದರೆ ತೊರೆಗಳಲ್ಲೇ ಬಾಳುವ ಟ್ರೌಟನ್ನು ಅವನು ಸಾಲ್ಮೊ ಫಾರಿಯೊ ಎಂಬ ಬೇರೆ ಪ್ರಭೇದವೆಂದು ಎಣಿಸಿದನು. ಬಣ್ಣ ಮತ್ತು ನೆಲೆಗಳನ್ನು ನಂಬಿದ ಈ ವಿಭಜನೆಯು ಮುಂದಿನ ಶತಮಾನದಲ್ಲಿ ಇನ್ನಷ್ಟು ಬೆಳೆಯಿತು.

1866ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಆಲ್ಬರ್ಟ್ ಗುಂಥರ್ ಬ್ರಿಟನ್ ಮತ್ತು ಐರ್ಲೆಂಡುಗಳ ಟ್ರೌಟುಗಳನ್ನು ಹಲವು ಪ್ರಭೇದಗಳಾಗಿ ಒಡೆದರೆ, 1887ರಲ್ಲಿ ಫ್ರಾನ್ಸಿಸ್ ಡೇ ಅವುಗಳನ್ನು ಮತ್ತೆ ಒಂದಾಗಿಸಿದನು. ಮದ್ರಾಸ್ ಪ್ರಾಂತ್ಯದಲ್ಲಿ ಸೇನಾ ವೈದ್ಯನಾಗಿದ್ದು ಭಾರತದ ಮೀನುಗಳ ಬಗ್ಗೆ ಬೃಹದ್ಗ್ರಂಥ ಬರೆದ ಡೇ, ನೀರು ಮತ್ತು ಆಹಾರಗಳಿಗೆ ತಕ್ಕಂತೆ ಟ್ರೌಟಿನ ಮೈಬಣ್ಣವೂ ಗಾತ್ರವೂ ಮಾರ್ಪಡುತ್ತವೆ ಎಂಬುದನ್ನು ಮನಗಂಡಿದ್ದನು. ಬಹುಕಾಲ ಅವನ ನಿಲುವೇ ಗೆದ್ದಿತು.

ಪೆಸಿಫಿಕ್ ತೀರದ ಮೀನುಗಳ ಕಥೆ ಇದಕ್ಕಿಂತ ಜಟಿಲವಾದುದು. ರಷ್ಯಾದ ಕಮ್ಚಾಟ್ಕಾದಲ್ಲಿ ಸ್ಟೆಲ್ಲರ್ ಮತ್ತು ಕ್ರಾಶೆನಿನ್ನಿಕೋವ್ ಸಂಗ್ರಹಿಸಿದ್ದ ಮಾಹಿತಿಯು ಪ್ರಕಟವಾಗಿದ್ದುದರಿಂದ, 1792ರಲ್ಲಿ ಜರ್ಮನಿಯ ವೈದ್ಯ ವಾಲ್‌ಬಾಮ್ ಆ ಮೀನುಗಳಿಗೆ ನೆರ್ಕಾ, ಕೆಟಾ, ಮೈಕಿಸ್ ಮೊದಲಾದ ಸ್ಥಳೀಯ ಹೆಸರುಗಳನ್ನೇ ವೈಜ್ಞಾನಿಕ ನಾಮಗಳಾಗಿ ಸ್ಥಿರಪಡಿಸಿದನು. ಮೊಟ್ಟೆಯಿಡುವ ಕಾಲದಲ್ಲಿ ಗಂಡುಗಳ ಮೂತಿ ಕೊಕ್ಕೆಯಂತೆ ಬಾಗುವುದನ್ನು ಸೂಚಿಸುವ ಆಂಕೊರಿಂಕಸ್ ಎಂಬ ಕುಲನಾಮವನ್ನು ಸಕ್ಲೆ 1861ರಲ್ಲಿ ತಂದನು. ಆದರೆ ಅಮೆರಿಕದ ಪಶ್ಚಿಮದ ರೇನ್‌ಬೋ ಟ್ರೌಟು, ಆ ಕುಲದ ಪೆಸಿಫಿಕ್ ಸಾಲ್ಮನ್ನುಗಳಂತಲ್ಲದೆ ಒಮ್ಮೆ ಮೊಟ್ಟೆಯಿಟ್ಟ ಮೇಲೂ ಬದುಕುಳಿಯಬಲ್ಲದ್ದಾದ್ದರಿಂದಲೂ ಯುರೋಪಿನ ಟ್ರೌಟನ್ನು ಹೋಲುವುದರಿಂದಲೂ, ಸಾಲ್ಮೊ ಕುಲದಲ್ಲೇ ಉಳಿಯಿತು. 1836ರಲ್ಲಿ ರಿಚರ್ಡ್‌ಸನ್ ಕೊಟ್ಟ ಗೇರ್ಡ್ನೆರಿ ಎಂಬ ಹೆಸರು ಒಂದೂವರೆ ಶತಮಾನ ಬಳಕೆಯಲ್ಲಿತ್ತು.

ಹೋಲಿಕೆಯು ಬಂಧುತ್ವವಲ್ಲ ಎಂಬುದನ್ನು ಸ್ಪಷ್ಟಪಡಿಸಿದವರು ಜೆರಾಲ್ಡ್ ಸ್ಮಿತ್ ಮತ್ತು ರಾಲ್ಫ್ ಸ್ಟರ್ಲಿ. ಮೂಳೆ, ಪಳೆಯುಳಿಕೆ ಹಾಗೂ ಅಣುಮಟ್ಟದ ಸಾಕ್ಷ್ಯಗಳನ್ನು ಒಟ್ಟಿಗೆ ಪರಿಶೀಲಿಸಿದ ಅವರ 1989ರ ಲೇಖನವು, ರೇನ್‌ಬೋ ಟ್ರೌಟು ಯುರೋಪಿನ ಟ್ರೌಟಿಗಿಂತ ಪೆಸಿಫಿಕ್ ಸಾಲ್ಮನ್ನಿಗೇ ಹತ್ತಿರದ್ದೆಂದು ತೋರಿಸಿತು. ವಾಲ್‌ಬಾಮ್ ಮೈಕಿಸ್ ಎಂದು ಹೆಸರಿಸಿದ್ದ ಕಮ್ಚಾಟ್ಕಾದ ಮೀನೂ ಅದೇ ಪ್ರಭೇದವೆಂದು ಒಪ್ಪಿದ ಮೇಲೆ, ಹಳೆಯ ಹೆಸರಿಗೇ ಮನ್ನಣೆ ಕೊಡುವ ಪೂರ್ವತೆಯ ನಿಯಮದಂತೆ ಅದು ಆಂಕೊರಿಂಕಸ್ ಮೈಕಿಸ್ ಆಯಿತು. ಮೀನು ಸಾಕಣೆಯಲ್ಲೂ ಪ್ರಯೋಗಶಾಲೆಗಳಲ್ಲೂ ಬೇರೂರಿದ್ದ ಹೆಸರನ್ನು ಬಿಡುವುದು ಸುಲಭವಾಗಿರಲಿಲ್ಲವಾದರೂ, ವಂಶಸಂಬಂಧವನ್ನು ಮರೆಮಾಡುವ ಹೆಸರನ್ನು ಅನುಕೂಲಕ್ಕಾಗಿ ಉಳಿಸಿಕೊಳ್ಳುವುದು ವಿಜ್ಞಾನಕ್ಕೆ ತಕ್ಕುದಲ್ಲ.

ಅಣುಮಟ್ಟದ ಅಧ್ಯಯನವು ಗುಂಥರನ ಪಕ್ಷವನ್ನೂ ಭಾಗಶಃ ಎತ್ತಿಹಿಡಿದಿದೆ. ಐರ್ಲೆಂಡಿನ ಲಾಖ್ ಮೆಲ್ವಿನ್ ಸರೋವರದಲ್ಲಿ ಗಿಲ್ಲರೂ, ಸೊನಾಘನ್ ಮತ್ತು ಫೆರಾಕ್ಸ್ ಎಂಬ ಮೂರು ಬಗೆಯ ಟ್ರೌಟುಗಳು ಒಂದೇ ನೀರಿನಲ್ಲಿದ್ದರೂ ಬೇರೆ ಬೇರೆ ತಾಣಗಳಲ್ಲಿ ಮೊಟ್ಟೆಯಿಟ್ಟು, ತಳೀಯವಾಗಿ ಪ್ರತ್ಯೇಕವಾಗಿಯೇ ಉಳಿದಿವೆ ಎಂದು ಆಂಡ್ರ್ಯೂ ಫರ್ಗುಸನ್ನರ ತಂಡವು ತೋರಿಸಿತು. ಕೊಟ್ಟೆಲಾಟ್ ಮತ್ತು ಫ್ರೈಹಾಫ್ 2007ರಲ್ಲಿ ಇವುಗಳನ್ನು ಸ್ವತಂತ್ರ ಪ್ರಭೇದಗಳೆಂದು ಎಣಿಸಿದರು. ಇವು ಒಂದೇ ಪ್ರಭೇದದ ಭಿನ್ನ ಸಮುದಾಯಗಳು ಎನ್ನುವವರೂ ಇದ್ದಾರೆ. ಸಂರಕ್ಷಣೆಯ ಪಟ್ಟಿಗಳು ಹೆಚ್ಚಾಗಿ ಪ್ರಭೇದದ ಹೆಸರನ್ನೇ ಆಧಾರವಾಗಿಟ್ಟುಕೊಳ್ಳುವುದರಿಂದ, ಹೆಸರು ಕಳೆದುಕೊಂಡ ಗಿಲ್ಲರೂ ತನಗೆ ಸಲ್ಲಬೇಕಾದ ರಕ್ಷಣೆಯನ್ನೂ ಕಳೆದುಕೊಳ್ಳುವ ಸಂಭವವಿದೆ.