ಪೆಟ್ಟಿಗೆಯಿಂದ ಹೊರಬಂದ ತಂತಿ

ಬೀದರ್ ಜಿಲ್ಲೆಯ ಔರಾದ ಭಾಗದ ಡಾಬಕಾ ಮತ್ತು ಅದರ ಆಸುಪಾಸಿನ ಹಳ್ಳಿಗಳು ಕರ್ನಾಟಕದ ಉತ್ತರದ ತುದಿಯಲ್ಲಿವೆ. ಅಲ್ಲಿಂದ ಮಹಾರಾಷ್ಟ್ರ ಕೂಗಳತೆಯಷ್ಟು ಹತ್ತಿರ, ತೆಲಂಗಾಣವೂ ದೂರವಲ್ಲ, ಆದರೆ ಬೆಂಗಳೂರು ಮಾತ್ರ ಒಂದು ರಾತ್ರಿಯ ಪ್ರಯಾಣ. ಕನ್ನಡ, ಮರಾಠಿ, ತೆಲುಗು, ಉರ್ದು ಒಂದೇ ಸಂತೆಯಲ್ಲಿ ಕೇಳಿಬರುವ ಈ ಸೀಮೆ ದೊಡ್ಡ ಪ್ರಸಾರ ಕೇಂದ್ರಗಳೆಲ್ಲದರಿಂದಲೂ ದೂರವೇ ಉಳಿದು ಬಂದಿದ್ದರಿಂದ, ಇಲ್ಲಿ ಅಲೆ ಹಿಡಿಯುವ ಯಂತ್ರಗಳ ಚರಿತ್ರೆಯನ್ನು ಬರೆಯಲು ಹೊರಟವರು ಪೆಟ್ಟಿಗೆಗಿಂತ ಮೊದಲು ಅದರ ಹೊರಗಿನ ತಂತಿಯನ್ನು ನೋಡಬೇಕಾಗುತ್ತದೆ. ಆಂಟೆನಾ ಎಂದರೆ ಬಯಲಿನಲ್ಲಿ ಸಾಗಿಬರುವ ರೇಡಿಯೊ ಅಲೆಯನ್ನು ಅತಿ ಸಣ್ಣ ವಿದ್ಯುತ್ತಾಗಿ ಬದಲಿಸಿ ಯಂತ್ರಕ್ಕೆ ಒಪ್ಪಿಸುವ ಲೋಹದ ಸಾಧನ. ಕೇಂದ್ರ ಹತ್ತಿರವಿದ್ದಾಗ ಅದು ಪೆಟ್ಟಿಗೆಯೊಳಗೇ ಅಡಗಿರಬಹುದು. ದೂರವಾದಷ್ಟೂ ಅದನ್ನು ಹೊರಗೆ ತಂದು ಎತ್ತರಕ್ಕೆ ಏರಿಸಲೇಬೇಕು. ಕಳೆದ ತೊಂಬತ್ತು ವರ್ಷಗಳಲ್ಲಿ ಈ ತಂತಿ ಪೆಟ್ಟಿಗೆಯೊಳಗೆ ಹೋಗಿ ಮತ್ತೆ ಮತ್ತೆ ಹೊರಬಂದಿದೆ.

ಬೀದರ್ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ ಒಂದು ಜಿಲ್ಲೆ. 1935ರಲ್ಲಿ ಸಂಸ್ಥಾನದ ಡೆಕ್ಕನ್ ರೇಡಿಯೊ ಪ್ರಸಾರಕ್ಕಿಳಿದಾಗ ರೇಡಿಯೊ ಸೆಟ್ಟು ಉಳ್ಳವರ ಮನೆಯ ವಸ್ತುವಾಗಿತ್ತು, ಅದನ್ನು ಇಟ್ಟುಕೊಳ್ಳಲು ಸರ್ಕಾರದ ಪರವಾನಗಿಯೂ ಬೇಕಿತ್ತು. ಕವಾಟಗಳಿಂದ, ಅಂದರೆ ಬಲ್ಬಿನಂತೆ ಕೆಂಪಗೆ ಕಾಯುವ ಗಾಜಿನ ಕೊಳವೆಗಳಿಂದ ನಡೆಯುತ್ತಿದ್ದ ಆ ಸೆಟ್ಟಿನ ಹಿಂಬದಿಯಲ್ಲಿ ಎರಡು ತಿರುಪುಗಳಿರುತ್ತಿದ್ದವು: ಒಂದು ಏರಿಯಲ್ಲಿಗೆ, ಅಂದರೆ ಹೊರಗಿನ ಆಂಟೆನಾಗೆ, ಇನ್ನೊಂದು ಭೂಮಿಗೆ. ಮಾಳಿಗೆಯ ಮೇಲೆ ಎರಡು ಬಿದಿರು ಗಳುಗಳನ್ನು ನೆಟ್ಟು, ತುದಿಗಳಿಗೆ ಮೊಟ್ಟೆಯಾಕಾರದ ಪಿಂಗಾಣಿ ಗುಂಡುಗಳನ್ನು ಕಟ್ಟಿ, ನಡುವೆ ಹತ್ತಾರು ಅಡಿ ತಾಮ್ರದ ತಂತಿಯನ್ನು ಎಳೆದು, ಅದರ ಒಂದು ಕೊನೆಯನ್ನು ಗೋಡೆಯ ತೂತಿನ ಮೂಲಕ ಒಳಗೆ ಇಳಿಸುವುದು ಆ ಕಾಲದ ರೂಢಿ. ಗೋಡೆಯನ್ನು ಹೊಗುವ ಮುನ್ನ ತಂತಿಯನ್ನು ಒಮ್ಮೆ ಕೆಳಕ್ಕೆ ಜೋಲು ಬಿಟ್ಟು ಮೇಲಕ್ಕೆ ತಿರುಗಿಸುತ್ತಿದ್ದರು. ಮಳೆಯ ನೀರು ತಂತಿಯ ಗುಂಟ ಹರಿದು ಬಂದು ಆ ಜೋಲಿನ ಕೆಳತುದಿಯಿಂದ ಹೊರಗೇ ತೊಟ್ಟಿಕ್ಕಬೇಕು, ಸೆಟ್ಟಿನೊಳಗೆ ಇಳಿಯಬಾರದು ಎಂಬುದು ಅದರ ಉದ್ದೇಶ. ಭೂಮಿಯ ತಂತಿಯನ್ನು ಇದ್ದಿಲು, ಉಪ್ಪು ಬೆರೆಸಿದ ಗುಂಡಿಯಲ್ಲಿ ಹೂತ ಲೋಹದ ತಟ್ಟೆಗೆ ಸೇರಿಸುತ್ತಿದ್ದರು. ಎರೆಮಣ್ಣು ಬೇಸಿಗೆಯಲ್ಲಿ ಬಾಯಿ ಬಿಟ್ಟು ಒಣಗಿದಾಗ ಆ ಗುಂಡಿಗೆ ಒಂದು ಕೊಡ ನೀರು ಹೊಯ್ಯುವುದೂ ರೇಡಿಯೊ ಕೇಳುವ ಕೆಲಸದ ಒಂದು ಭಾಗವೇ ಆಗಿತ್ತು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಶರಣಾದ ಸುದ್ದಿಯನ್ನು ರೇಡಿಯೊ ಹೇಳಿದಾಗ, ದೂರದ ತಾಲೂಕುಗಳಿಗೆ ಆ ಮಾತನ್ನು ತಲುಪಿಸಿದ್ದು ಇಂಥ ತಂತಿಗಳೇ.

1950ರ ಏಪ್ರಿಲ್ 1ರಂದು ಹೈದರಾಬಾದ್ ಕೇಂದ್ರ ಆಕಾಶವಾಣಿಯ ಕೈಗೆ ಬಂತು. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಗಿ, ಬೀದರ್, ಭಾಲ್ಕಿ, ಔರಾದ, ಹುಮನಾಬಾದ್ ಮೈಸೂರು ರಾಜ್ಯವನ್ನು ಸೇರಿದವು. ಉದಗೀರ, ನಿಲಂಗಾ ಮರಾಠಿ ಸೀಮೆಯತ್ತ ಹೋದವು, ಜಹೀರಾಬಾದ್, ನಾರಾಯಣಖೇಡ ತೆಲುಗು ಸೀಮೆಯತ್ತ ಹೋದವು. ಆದರೆ ಹೈದರಾಬಾದಿನ ಅಲೆಗಳಿಗೆ ಈ ಗಡಿ ತಿಳಿಯುವಂತಿರಲಿಲ್ಲ. 1966ರಲ್ಲಿ ಕಲಬುರಗಿಯಲ್ಲಿ ಆಕಾಶವಾಣಿ ಕೇಂದ್ರ ಬಂದದ್ದು ಈ ಸೀಮೆಯ ಕನ್ನಡದ ಮಟ್ಟಿಗೆ ದೊಡ್ಡ ಸಂಗತಿಯೇ ಸರಿ. ಸರಿಸುಮಾರು ಅದೇ ಹೊತ್ತಿಗೆ ಟ್ರಾನ್ಸಿಸ್ಟರ್ ಅಗ್ಗವಾಗುತ್ತ ಬಂದು, ಫೆರೈಟ್ ಎಂಬ ಕಪ್ಪು ಕಾಂತೀಯ ಕಡ್ಡಿಗೆ ಸುತ್ತಿದ ನವಿರು ತಂತಿಯೇ ಏರಿಯಲ್ಲಿನ ಕೆಲಸ ಮಾಡತೊಡಗಿದ್ದರಿಂದ, ಆಂಟೆನಾ ಮೊದಲ ಬಾರಿಗೆ ಪೆಟ್ಟಿಗೆಯೊಳಗೆ ಹೋಯಿತು. ಹೊಲದ ಬದುವಿನ ಮೇಲೆ ರೇಡಿಯೊ ಇಟ್ಟು, ಅದನ್ನೇ ಅತ್ತಿತ್ತ ತಿರುಗಿಸಿ ದನಿ ಸ್ಪಷ್ಟವಾಗುವ ದಿಕ್ಕನ್ನು ಹುಡುಕಿಕೊಳ್ಳುವುದು ಆಗ ರೂಢಿಯಾಯಿತು.

ತಂತಿ ಮತ್ತೆ ಹೊರಬಂದ ಬಗೆ ಇನ್ನೂ ಕುತೂಹಲದ್ದು, ಅದು ನಡೆದದ್ದೂ ಕಲ್ಯಾಣ ಕರ್ನಾಟಕದ ನೆಲದಲ್ಲೇ. ಬಾಹ್ಯಾಕಾಶ ವಿಜ್ಞಾನಿ ವಿಕ್ರಮ್ ಸಾರಾಭಾಯಿ ಅವರ ಕನಸಿನಿಂದ ಹುಟ್ಟಿ, 1969ರಲ್ಲಿ ಅಮೆರಿಕದ ನಾಸಾ ಜೊತೆ ಆದ ಒಪ್ಪಂದದಿಂದ ರೂಪುಗೊಂಡ ಸೈಟ್ ಎಂಬ ಉಪಗ್ರಹ ದೂರದರ್ಶನ ಪ್ರಯೋಗವು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ನಡೆಯಿತು. ಕರ್ನಾಟಕದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳನ್ನು ಆರಿಸಿದ್ದರು. ಬೀದರ್ ಆ ಪಟ್ಟಿಯಲ್ಲಿ ಇರಲಿಲ್ಲ, ಹಾಗಾಗಿ ಭಾಲ್ಕಿ, ಔರಾದಗಳ ಜನರಿಗೆ ಅದು ಪಕ್ಕದ ಜಿಲ್ಲೆಯ ಸುದ್ದಿಯಾಗಿಯೇ ಉಳಿಯಿತು. ಆದರೂ ಗಟ್ಟಿಮುಟ್ಟಾದ ಒಂದು ಯಂತ್ರವನ್ನು ಹೊರಗಿನ ಆಂಟೆನಾಗೆ ಹೊಂದಿಸುವ ಕುಶಲತೆಗೆ ಈ ಭಾಗದಲ್ಲಿ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಸೈಟ್‌ಗಾಗಿ ಹೈದರಾಬಾದಿನ ಇಸಿಐಎಲ್ ಕಾರ್ಖಾನೆ ತಯಾರಿಸಿದ ಟಿವಿಗಳು ಪಟ್ಟಣದ ಬೈಠಕ್ ಕೋಣೆಯ ಟಿವಿಗಳಂತಲ್ಲ, ಶಾಲೆಯಲ್ಲೋ ಪಂಚಾಯಿತಿ ಕಟ್ಟೆಯಲ್ಲೋ ನೂರಾರು ಜನರ ಮುಂದೆ ನಿಲ್ಲಬೇಕಾದವು. ಧೂಳು, ಸೆಕೆ, ಏರಿಳಿಯುವ ಕರೆಂಟು ಎಲ್ಲವನ್ನೂ ತಾಳಿಕೊಳ್ಳಬೇಕಾದವು. ಅವುಗಳಿಗೆ ಅಲೆ ಬರುತ್ತಿದ್ದುದು ಆಫ್ರಿಕಾದ ಮೇಲೆ, ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿದ್ದ ಎಟಿಎಸ್-6 ಉಪಗ್ರಹದಿಂದ. ಉಪಗ್ರಹದ ಪ್ರೇಷಕದ ಶಕ್ತಿ ಸುಮಾರು 80 ವ್ಯಾಟ್ ಮಾತ್ರ, ಒಂದು ಮನೆಬಲ್ಬಿನಷ್ಟು. ಅದು ತನ್ನ 9 ಮೀಟರ್ ಅಗಲದ ತಟ್ಟೆಯಿಂದ ಆ ಶಕ್ತಿಯನ್ನೆಲ್ಲ ಭಾರತದ ಕಡೆಗೇ ಒಟ್ಟುಗೂಡಿಸುತ್ತಿದ್ದುದರಿಂದ ಹಳ್ಳಿಯ ಆಂಟೆನಾ 3 ಮೀಟರ್ ಅಗಲವಿದ್ದರೆ ಸಾಕಾಗುತ್ತಿತ್ತು. ಆ ಆಂಟೆನಾ ಮಾಡಿದ್ದು ಕೋಳಿಗೂಡಿಗೆ ಹೊದಿಸುವ ತಂತಿಬಲೆಯಿಂದ. ಬಲೆಯ ಕಣ್ಣುಗಳ ಮೂಲಕ ಗಾಳಿ ಹಾಯ್ದು ಹೋಗುತ್ತಿತ್ತು, ಹಕ್ಕಿಯ ಗರಿಯೂ ತೂರುತ್ತಿತ್ತು. ಆದರೆ 860 ಮೆಗಾಹರ್ಟ್ಸ್ ಕಂಪನದ ಆ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್ ಇದ್ದು, ಕಣ್ಣುಗಳು ಅದಕ್ಕಿಂತ ತೀರ ಸಣ್ಣವಾದ್ದರಿಂದ ಅಲೆಯ ಪಾಲಿಗೆ ಆ ಬಲೆ ಗಟ್ಟಿ ತಗಡಿನಷ್ಟೇ ಸಮ. ತಗಡಿನ ತಟ್ಟೆಯಾಗಿದ್ದರೆ ಬಯಲುಸೀಮೆಯ ಗಾಳಿ ಅದನ್ನು ಕೆಡವಿಬಿಡುತ್ತಿತ್ತು. ಬಡ ದೇಶವೊಂದರ ತಂತ್ರಜ್ಞರು ಮಾಡಿದ ಈ ಆಯ್ಕೆ ಅಗ್ಗದ್ದಷ್ಟೇ ಅಲ್ಲ, ನೆಲವನ್ನು ಬಲ್ಲವರ ಆಯ್ಕೆ. ಅದರ ಜಾಣ್ಮೆಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿ ಸಂದಿಲ್ಲ.

ಕಲಬುರಗಿಯ ಸೀಮೆಯಿಂದ ನೋಡಿದರೆ ಆ ಉಪಗ್ರಹ ಪಶ್ಚಿಮಕ್ಕೆ, ತುಸು ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 39 ಡಿಗ್ರಿ ಮೇಲಿತ್ತು, ಅಂದರೆ ಇಳಿಹೊತ್ತಿನ ಸೂರ್ಯ ನಿಲ್ಲುವ ಎತ್ತರ. ಮೂರು ಮೀಟರಿನ ತಟ್ಟೆಯ ನೋಟ ಸುಮಾರು 8 ಡಿಗ್ರಿ ಅಗಲವಿದ್ದುದರಿಂದ ಅದನ್ನು ಕೂರಿಸುವವರಿಗೆ ನಾಜೂಕಿನ ಉಪಕರಣ ಬೇಕಾಗಿರಲಿಲ್ಲ, ಒಮ್ಮೆ ಸರಿಯಾಗಿ ನಿಲ್ಲಿಸಿ ಬಿಗಿದರೆ ಸಾಕು. ತಟ್ಟೆಗೂ ಟಿವಿಗೂ ನಡುವೆ ಪರಿವರ್ತಕವೊಂದು ಸೇರುತ್ತಿತ್ತು. ಬಂದ ಅಲೆಯನ್ನು ಬಲಗೊಳಿಸಿ, ಅದರ ಕಂಪನವನ್ನು ಇಳಿಸಿ, ಸಾಮಾನ್ಯ ಟಿವಿಗೆ ಅರ್ಥವಾಗುವ ರೂಪಕ್ಕೆ ತರುವುದು ಅದರ ಕೆಲಸ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ನಾಲ್ಕು ಭಾಷೆಗಳಲ್ಲಿ ತಲಾ 22.5 ನಿಮಿಷದ ಪಾಠಗಳು ಬರುತ್ತಿದ್ದವು, ಅವುಗಳಲ್ಲಿ ಕನ್ನಡವೂ ಒಂದು. ಸಂಜೆ ಬೇಸಾಯ, ಆರೋಗ್ಯ, ಮನರಂಜನೆ. ವರ್ಷ ತುಂಬಿದ ಮೇಲೆ ಉಪಗ್ರಹ ತನ್ನ ಜಾಗ ಬಿಟ್ಟು ಹೋಯಿತು, ಬಲೆಯ ತಟ್ಟೆಗಳು ಬರಿಯ ಆಕಾಶ ನೋಡುತ್ತ ನಿಂತವು. 1977ರಲ್ಲಿ ಕಲಬುರಗಿಯಲ್ಲಿ ನೆಲದ ಮೇಲಿನ ದೂರದರ್ಶನ ಪ್ರೇಷಕ ಆರಂಭವಾದದ್ದು ಆ ಪ್ರಯೋಗದ ಮುಂದುವರಿಕೆಯಾಗಿಯೇ.

ಹೈದರಾಬಾದಿನಲ್ಲೂ ದೂರದರ್ಶನ ಅದೇ 1977ರಲ್ಲಿ ಬಂತು. ಡಾಬಕಾದಿಂದ ಎರಡೂ ಕೇಂದ್ರಗಳು ನೂರು ಕಿಲೋಮೀಟರಿಗೂ ದೂರ. ಟಿವಿಯ ಅಲೆ ಹೆಚ್ಚುಕಡಿಮೆ ಕಣ್ಣೋಟದಂತೆ ನೇರ ಸಾಗುವಂಥದು. ನೂರು ಮೀಟರ್ ಎತ್ತರದ ಗೋಪುರದಿಂದ ಹೊರಟದ್ದು ಭೂಮಿಯ ಬಾಗಿಗೆ ಸಿಕ್ಕಿ ಸುಮಾರು 40 ಕಿಲೋಮೀಟರಿನಾಚೆ ಕ್ಷೀಣಿಸುತ್ತದೆ. ಇಂಥ ದೂರದಲ್ಲಿ ಉಳಿಯುವ ಉಪಾಯವೆಂದರೆ ಕಬ್ಬಿಣದ ಪೈಪು, ಅದರ ತುದಿಗೆ ಮೀನಿನ ಮುಳ್ಳಿನಂತೆ ಅಡ್ಡ ಕಡ್ಡಿಗಳನ್ನು ಜೋಡಿಸಿದ, 1920ರ ದಶಕದಲ್ಲಿ ಜಪಾನಿನ ಉಡಾ ಮತ್ತು ಯಾಗಿ ರೂಪಿಸಿದ ಅಲ್ಯೂಮಿನಿಯಂ ಆಂಟೆನಾ, ಅದಕ್ಕೊಂದು ಬೂಸ್ಟರ್. ಮಾಳಿಗೆಯ ಮೇಲಿದ್ದವನು ಪೈಪು ಹಿಡಿದು “ಬಂದದೇನು?” ಎಂದು ಕೂಗುವುದು, ಒಳಗಿನವರು “ಇಲ್ಲ, ಜರಾ ಈ ಕಡಿ ತಿರುವು” ಎನ್ನುವುದು ಗಡಿಸೀಮೆಯಲ್ಲಿ ಬರಿಯ ಚಿತ್ರದ ಮಾತಾಗಿರಲಿಲ್ಲ: ನೈರುತ್ಯಕ್ಕೆ ತಿರುಗಿಸಿದರೆ ಕಲಬುರಗಿ, ಆಗ್ನೇಯಕ್ಕೆ ತಿರುಗಿಸಿದರೆ ಹೈದರಾಬಾದ್, ಅಂದರೆ ಮನೆಯೊಳಗೆ ಯಾವ ಭಾಷೆ ಕೇಳಬೇಕೆಂಬುದನ್ನು ಪೈಪು ಹಿಡಿದ ಕೈ ತೀರ್ಮಾನಿಸುತ್ತಿತ್ತು. 1984ರ ಸುಮಾರಿಗೆ ದೇಶದ ಉದ್ದಗಲಕ್ಕೂ ಸಣ್ಣ ಪ್ರೇಷಕಗಳು ಎದ್ದವು, ಆಮೇಲೆ ಕೇಬಲ್ಲು, ಡಿಶ್ ಬಂದವು. ಮೊಬೈಲಿನ ಕಾಲಕ್ಕೆ ಆಂಟೆನಾ ಮತ್ತೆ ಪೆಟ್ಟಿಗೆಯೊಳಗೆ ಸೇರಿತು.

ಈ ಸಾಲಿನ ಕೊನೆಗೆ ನಿಲ್ಲುವುದು ಗಟ್ಟಿ ಮೈಯ ಲ್ಯಾಪ್‌ಟಾಪ್. 1996ರಲ್ಲಿ ಪ್ಯಾನಸೋನಿಕ್ ಕಂಪನಿ ಟಫ್‌ಬುಕ್ ಹೆಸರಿನಲ್ಲಿ ಹೊರತಂದ ಈ ಜಾತಿಯ ಯಂತ್ರಗಳು ಮೆಗ್ನೀಸಿಯಂ ಮಿಶ್ರಲೋಹದ ಕವಚ ತೊಟ್ಟು, ಬಿದ್ದರೂ ಒಡೆಯದೆ, ಧೂಳು ನೀರು ಒಳಬಿಡದೆ, ಸರ್ವೆ ಮಾಡುವವರ, ಪೊಲೀಸರ, ಸೈನಿಕರ ಕೈಗೆ ಹೋದವು. ಆದರೆ ಮೈಯನ್ನು ಕಾಯುವ ಲೋಹವೇ ಅಲೆಗೆ ಗೋಡೆಯಾಗುವುದರಿಂದ ಆಂಟೆನಾಗಳಿಗೆ ಪರದೆಯ ಅಂಚಿನಲ್ಲಿ ಬೇರೆ ಕಿಂಡಿ ಬೇಕಾಯಿತು, ಮತ್ತು ಜೀಪಿನೊಳಗೆ ಕೂರಿಸಿದಾಗ ಅದೂ ಸಾಲದೆ, ಹೊರಗಿನ ಆಂಟೆನಾಗೆ ದಾರಿ ಬಿಡುವ ಕೊಂಡಿಯನ್ನು ಕಂಪನಿಗಳೇ ಇಟ್ಟವು. ಆ ಕೊಂಡಿ ಇಲ್ಲದ ಯಂತ್ರಕ್ಕೆ ಅದನ್ನು ಹೊಸದಾಗಿ ಜೋಡಿಸುವ ಕೆಲಸ ನಾಜೂಕಿನದು. ಒಳಗಿನ ರೇಡಿಯೊ ಕಾರ್ಡಿನ ಮೇಲೆ ಜೋಳದ ಕಾಳಿಗಿಂತ ಸಣ್ಣ ಗುಂಡಿಯೊಂದು ಇರುತ್ತದೆ, ಸುಮಾರು ಮೂವತ್ತು ಸಲ ಹಾಕಿ ತೆಗೆದರೆ ಅದರ ಹಿಡಿತದ ಭರವಸೆ ಮುಗಿಯಿತು. ಅಲ್ಲಿಂದ ಹೊರಡುವ ತೆಳು ಕೇಬಲ್ಲು ವೈಫೈ ಅಲೆಯನ್ನು ಎರಡು ಮೀಟರ್ ಸಾಗಿಸುವಷ್ಟರಲ್ಲಿ ಅರ್ಧಕ್ಕೂ ಹೆಚ್ಚು ಶಕ್ತಿಯನ್ನು ತಿಂದುಹಾಕುತ್ತದೆ. ಕಾನೂನಿನ ಮಿತಿಯೂ ಉಂಟು: 2005ರಲ್ಲಿ ಭಾರತ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಂದ ಬಿಡುಗಡೆ ಮಾಡುವಾಗ ಆಂಟೆನಾದಿಂದ ಒಂದು ದಿಕ್ಕಿಗೆ ಹೊಮ್ಮುವ ಬಲ 4 ವ್ಯಾಟ್ ಮೀರಬಾರದೆಂದು ಗೊತ್ತುಮಾಡಿತು.

ಎಲ್ಲಕ್ಕಿಂತ ಕಷ್ಟದ್ದು ಕವಚದಲ್ಲಿ ಕೊರೆಯುವ ಆ ಒಂದು ತೂತು, ಏಕೆಂದರೆ ನೀರಿಗೆ ಎಡೆಯಿಲ್ಲದಂತೆ ಮಾಡಿದ ಪೆಟ್ಟಿಗೆಗೆ ಅದೊಂದೇ ಬಾಗಿಲಾಗುತ್ತದೆ. ಬಲ್ಲವರು ಅದಕ್ಕೆ ರಬ್ಬರಿನ ಬಳೆ ತೊಡಿಸಿ ಬಿಗಿಯುತ್ತಾರೆ. ಆಮೇಲೆ ಆಂಟೆನಾದಿಂದ ಇಳಿದು ಬರುವ ಕೇಬಲ್ಲನ್ನು ಕೊಂಡಿಗೆ ನೇರ ಸಿಕ್ಕಿಸದೆ, ಒಮ್ಮೆ ಕೆಳಕ್ಕೆ ಜೋಲು ಬಿಟ್ಟು ಮೇಲಕ್ಕೆ ತಿರುಗಿಸುತ್ತಾರೆ, ಹನಿ ಹೊರಗೇ ತೊಟ್ಟಿಕ್ಕಲೆಂದು.