ದ್ರಾಕ್ಷಿ ಬೇರು, ಸುಣ್ಣದ ನೆಲ: ಒಂದು ಹಳೇ ಕಥೆ

ತೆಂಗು ಒಣಗಿದ ಜಾಗದಲ್ಲಿ ವೈನ್ ದ್ರಾಕ್ಷಿ ಹಾಕಿದ್ರೆ ಹೇಗೆ ಅಂತ ನಮ್ಮ ಸಿಂಗಟಗೆರೆ ಸುತ್ತಿನ ಇಬ್ಬರು ಮೂವರು ಕೇಳಿದ್ರು. ಕಂಬ, ತಂತಿ, ಡ್ರಿಪ್ ಅಂತ ಎಕರೆಗೆ ಲಕ್ಷಗಟ್ಟಲೆ ಹೋಗುತ್ತೆ. ಅದಕ್ಕೇ ಸ್ವಲ್ಪ ಉದ್ದ ಬರೀತಿದ್ದೀನಿ.

ನಾಲ್ಕು ವರ್ಷದ ಹಿಂದೆ ಎರೆ ಹೊಲದ ಬದುವಿಗೆ ಇಪ್ಪತ್ತು ಬಳ್ಳಿ ಹಾಕಿದ್ದೆ. ಎರಡನೇ ವರ್ಷ ಎಳೆ ಎಲೆ ಹಳದಿ ಆಯ್ತು, ನರ ಮಾತ್ರ ಹಸಿರು. ಗೊಬ್ಬರ ಸಾಲದು ಅಂತ ಯೂರಿಯಾ ಕೊಟ್ಟೆ. ಬುಡಕ್ಕೆ ಅನ್ನಭೇದಿ ಹಾಕಿದೆ. ಹದಿಮೂರು ಬಳ್ಳಿ ಹೋದವು. ಆಮೇಲೆ ಗುಂಡಿ ತೆಗೆದು ನೋಡಿದ್ರೆ ಎರಡಡಿ ಕೆಳಗೆ ಬರೀ ಬಿಳಿ ಸುಣ್ಣದ ಹರಳು. ಮಣ್ಣಲ್ಲಿ ಕಬ್ಬಿಣ ಇತ್ತು, ಬೇರಿಗೆ ಸಿಗದ ಹಾಗೆ ಸುಣ್ಣ ಹಿಡಿದುಕೊಂಡಿತ್ತು. ನಾನು ಹಾಕಿದ ಅನ್ನಭೇದಿಗೂ ಅದೇ ಗತಿ.

ಇದೇ ಹಳದಿ ರೋಗ ಒಂದು ಕಾಲದಲ್ಲಿ ಫ್ರಾನ್ಸ್ ದೇಶದ ವೈನ್ ರೈತರನ್ನೂ ಅಳಿಸಿತ್ತು. 1860ರ ದಶಕದಲ್ಲಿ ಅಮೆರಿಕದ ಗಿಡಗಳ ಜೊತೆ ಫೈಲಾಕ್ಸೆರಾ ಅನ್ನೋ ಸಣ್ಣ ಹೇನು ಅಲ್ಲಿಗೆ ಬಂತು. ಬೇರಿನ ರಸ ಹೀರಿ ತೋಟಗಳನ್ನೇ ಒಣಗಿಸ್ತು. ಅಮೆರಿಕದ ಕಾಡು ದ್ರಾಕ್ಷಿ ಬೇರು ಇದನ್ನ ತಡೆಯುತ್ತೆ ಅಂತ ಗೊತ್ತಾಗಿ, ಅದರ ಮೇಲೆ ತಮ್ಮ ತಳಿ ಕಸಿ ಕಟ್ಟಿದರು. ಎಷ್ಟೋ ಕಡೆ ಗೆದ್ದರು. ಆದರೆ ಕೊನ್ಯಾಕ್ ಸೀಮೆಯ ಸುಣ್ಣದ ನೆಲದಲ್ಲಿ ಕಸಿ ಗಿಡಗಳು ಹಳದಿಯಾಗಿ ಸೊರಗಿದವು. ಹೇನಿಂದ ಉಳಿದದ್ದು ಸುಣ್ಣಕ್ಕೆ ಹೋಯ್ತು!

1887ರಲ್ಲಿ ಅಲ್ಲಿನ ಸರ್ಕಾರ ಪಿಯರ್ ವಿಯಾಲಾ ಅನ್ನೋ ವಿಜ್ಞಾನಿಯನ್ನ ಅಮೆರಿಕಕ್ಕೆ ಕಳಿಸ್ತು. ಸುಣ್ಣದಲ್ಲೇ ಬೆಳೆಯೋ ಕಾಡು ಬಳ್ಳಿ ಹುಡುಕಿಕೊಂಡು ಬಾ ಅಂತ. ಟೆಕ್ಸಾಸಿನ ಡೆನಿಸನ್ ಊರಲ್ಲಿ ನರ್ಸರಿ ಇಟ್ಟಿದ್ದ ಟಿ.ವಿ. ಮನ್ಸನ್ ಅವರಿಗೆ ಆ ಕಡೆಯ ಸುಣ್ಣಕಲ್ಲಿನ ಗುಡ್ಡಗಳ ಬಳ್ಳಿ ಗೊತ್ತಿತ್ತು. ಬರ್ಲಾಂಡಿಯೇರಿ ಅಂತ ಅದರ ಹೆಸರು. ಅದರ ಕಡ್ಡಿ ಬೇಗ ಬೇರು ಬಿಡಲ್ಲ, ಹಾಗಾಗಿ ಬೇರೆ ಜಾತಿ ಜೊತೆ ಬೆರಕೆ ಮಾಡಿದರು. ಈಗ ನಮ್ಮಲ್ಲೂ ಸಿಗೋ 110 ರಿಕ್ಟರ್ ಆ ವಂಶದ್ದೇ.

ಅದೇ ಮನ್ಸನ್ ಕಾಡಿಂದ ಆರಿಸಿದ ಇನ್ನೊಂದು ಬೇರು ಡಾಗ್‌ರಿಡ್ಜ್. ಬಿಜಾಪುರ, ಬಾಗಲಕೋಟೆ ಕಡೆ ಎರೆ ನೆಲದ ಉಪ್ಪು, ಬರ ಎರಡನ್ನೂ ತಡೀಲಿ ಅಂತ ಕಸಿ ಕಟ್ಟೋದು ಹೆಚ್ಚಾಗಿ ಇದರ ಮೇಲೆ. ನಂದಿಬೆಟ್ಟದ ಸುತ್ತ ಕೆಂಪು ನೆಲ, ಅಲ್ಲಿ ಬೆಂಗಳೂರು ಬ್ಲೂ ಸ್ವಂತ ಬೇರಲ್ಲೇ ಬೆಳೆದುಕೊಂಡು ಬಂತು.

ಡಾಗ್‌ರಿಡ್ಜ್ ಬಲು ಸೊಕ್ಕಿನ ಬೇರು. ಆಳದ ಎರೆಯಲ್ಲಿ ನೀರು, ಗೊಬ್ಬರ ಜಾಸ್ತಿಯಾದ್ರೆ ಬರೀ ಸೊಪ್ಪು. ನೆರಳಲ್ಲಿ ಉಳಿದ ಕಣ್ಣಿಂದ ಮುಂದಿನ ವರ್ಷ ಗೊಂಚಲು ಬರೋದು ಕಡಿಮೆ. ಬಳ್ಳಿ ನೋಡಿದ್ರೆ ಕಣ್ಣು ತುಂಬುತ್ತೆ, ತೂಕ ಬರಲ್ಲ. ಕಲ್ಲು ಬೆರೆತ ಕೆಂಪು ನೆಲದಲ್ಲಿ ಬಳ್ಳಿ ಹಿಡಿತದಲ್ಲಿರುತ್ತೆ, ಇಳುವರಿ ಸಾಧಾರಣ, ಆದರೆ ಸಕ್ಕರೆ, ಬಣ್ಣ ಚೆನ್ನಾಗಿ ಬರುತ್ತೆ. ವೈನ್‌ನವರು ಕೇಳೋದು ಅದನ್ನೇ. ಹಾಗಂತ ಬರೀ ಗರಸು ನೆಲ ಬೇಡ. ನೀರು ನಿಲ್ಲಲ್ಲ, ನಮ್ಮ ಬೋರುಗಳ ಕಥೆ ನಿಮಗೇ ಗೊತ್ತು.

ನನ್ನಲ್ಲಿ ಉಳಿದ ಏಳು ಬಳ್ಳಿಯೂ ಬದುವಿನ ಮೇಲ್ತಲೆಯಲ್ಲಿ, ಕೆಂಪು ಮಣ್ಣು ಸೇರೋ ಕಡೆಯವು. ಈಗ ಮೇಲಿನ ಕೆಂಪು ಹೊಲದಲ್ಲಿ ಮೂರಡಿ ಗುಂಡಿ ತೆಗೆಸ್ತಿದ್ದೀನಿ. ಅಡಿಗೊಂದು ಹಿಡಿ ಮಣ್ಣು ತೆಗೆದು ನಿಂಬೆರಸ ಬಿಡೋದು, ಗುಳ್ಳೆ ಎದ್ದರೆ ಸುಣ್ಣ ಇದೆ ಅಂತ. ಲ್ಯಾಬಿಗೂ ಕೊಡ್ತೀನಿ. ಭಾನುವಾರದವರೆಗೆ ಗುಂಡಿ ಮುಚ್ಚಲ್ಲ, ನೋಡೋರು ನಿಂಬೆಹಣ್ಣು ಹಿಡ್ಕೊಂಡು ಬನ್ನಿ.